ಅರವತ್ತಾರು ಡಿಗ್ರಿ, ಒಂದು ಗಂಟೆ

ಮಧ್ಯಾಹ್ನ ಮೂರೂವರೆಗೆ ಫ್ಯಾಕ್ಟರಿ ಸೈರನ್ ಕೂಗಿದರೆ ಸಾಕು, ನನ್ನ ಗಂಡ ಎದ್ದು ಬೂಟು ಹಾಕಿಕೊಳ್ಳುತ್ತಿದ್ದರು. ಅವರು ಫ್ಯಾಕ್ಟರಿ ಬಿಟ್ಟು ಆಗಲೇ ಎಂಟು ತಿಂಗಳಾಗಿತ್ತು. ಸ್ವಯಂ ನಿವೃತ್ತಿ ಅಂತ ಅದಕ್ಕೆ ಹೆಸರು. ಸ್ವಯಂ ಏನು ಬಂತು, ಅವರಿದ್ದ ವಿಭಾಗವನ್ನೇ ಮುಚ್ಚಿದ್ದರು. ಇಪ್ಪತ್ತೆರಡು ವರ್ಷ ಆ ಸೈರನ್ನಿಗೇ ಎರಡನೇ ಶಿಫ್ಟಿಗೆ ಹೊರಟು ಅಭ್ಯಾಸವಾಗಿದ್ದ ಕಾಲು ಈಗಲೂ ಹೊರಡುತ್ತಿತ್ತು. ಹೋಗುತ್ತಿದ್ದದ್ದು ಮಾತ್ರ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹಿಂದಿನ ಓಣಿಯ ಬಾರಿಗೆ.

ಕುಡಿದು ಬಂದು ಗಲಾಟೆ ಮಾಡುವವರಾಗಿದ್ದರೆ ನನಗೆ ಸುಲಭವಿತ್ತು. ನನಗೂ ಬಾಯಿದೆ, ನಮ್ಮ ಓಣಿಗೆಲ್ಲ ಅದು ಗೊತ್ತು. ಆದರೆ ಇವರು ಬಂದು, ಕೈಕಾಲು ತೊಳೆದು, ಹಾಕಿದ್ದನ್ನು ತಿಂದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಗೋಡೆಯ ಜೊತೆ ಎಷ್ಟು ದಿನ ಜಗಳವಾಡಲಿ? ಒಂದು ದಿನ ಬೂಟು ಬಚ್ಚಿಟ್ಟೆ. ಹವಾಯಿ ಚಪ್ಪಲಿಯಲ್ಲಿ ಹೋದರು. ದೇವರಿಗೆ ಹರಕೆ ಹೊತ್ತೆ. ದೇವರೂ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ.

ನನಗೆ ಹಲಸೂರು ಪೇಟೆಯಲ್ಲಿ ಒಂದು ಪುಟ್ಟ ಟೈಲರಿಂಗ್ ಅಂಗಡಿ. ಅಲ್ಲಿಗೆ ಯಾವ ಸೈರನ್ನೂ ಕೇಳುವುದಿಲ್ಲ. ಆದರೂ ಮೂರೂವರೆಯಾಯಿತೆಂದರೆ ಪೆಡಲ್ ಮೇಲಿನ ನನ್ನ ಕಾಲು ತಾನೇ ನಿಲ್ಲುತ್ತಿತ್ತು. ಈಗ ಲೇಸು ಕಟ್ಟುತ್ತಿರುತ್ತಾರೆ, ಈಗ ಗೇಟು ಹಾಕಿರುತ್ತಾರೆ, ಈಗ ರಸ್ತೆ ದಾಟಿರುತ್ತಾರೆ. ಹೀಗೆ ಲೆಕ್ಕ ಹಾಕುತ್ತಾ ಎಷ್ಟು ರವಿಕೆಗಳ ತೋಳು ತಿರುಗುಮುರುಗಾಗಿ ಹೊಲಿದೆನೋ.

ಆ ಬೇಸಿಗೆಯಲ್ಲಿ ಒಬ್ಬ ಮುದುಕರು ಅಂಗಡಿಗೆ ಬಂದರು. ಸೈನ್ಯದಿಂದ ನಿವೃತ್ತರಾದವರು, ಕೆರೆಯ ಆಚೆ ಮನೆ, ನನಗೆ ಹಳೇ ಗಿರಾಕಿ. ವರ್ಷಕ್ಕೊಮ್ಮೆ ಅವರ ಪ್ಯಾಂಟುಗಳ ಸೊಂಟ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದವಳು ನಾನೇ. ಈ ಸಲ ಪ್ಯಾಂಟು ತಂದಿರಲಿಲ್ಲ, ಮೂರು ಮೀಟರ್ ತೆಳ್ಳನೆಯ ವಾಯಿಲ್ ಬಟ್ಟೆ ತಂದಿದ್ದರು.

“ಒಂದು ಚೀಲ ಹೊಲೀಬೇಕಮ್ಮಾ, ಇಷ್ಟು ದೊಡ್ಡದು,” ಎಂದು ಎರಡೂ ಕೈ ಅಗಲಿಸಿದರು. “ಹೊಲಿಗೆ ಗಟ್ಟಿ ಇರ್ಲಿ. ಎರಡು ಕೆಜಿ ಕಾಳು ಬಿಸಿನೀರಲ್ಲಿ ನೆನೆದ್ಮೇಲೆ ಎತ್ತಿದ್ರೆ ಕಿತ್ತೋಗ್ಬಾರ್ದು.”

“ಏನ್ ಸರ್, ಊರಿಗೆಲ್ಲ ಹುರುಳಿ ಬೇಯಿಸ್ತೀರಾ?”

“ಬಿಯರ್ ಮಾಡ್ತೀನಿ.”

ನಾನು ನಕ್ಕೆ. ಅವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಹೇಳಿದರು: “ಜನ ಸುಮ್ನೆ ದೊಡ್ಡ ವಿಷಯ ಮಾಡ್ತಾರೆ. ಒಂದು ಪಾತ್ರೆ, ಒಂದು ಚೀಲ, ಅಷ್ಟೇ. ಬಾರ್ಲಿ ಮೊಳಕೆ ಬರಿಸಿ, ಒಣಗಿಸಿ, ತರಿ ಮಾಡು. ಚೀಲಕ್ಕೆ ಹಾಕಿ ಬಿಸಿನೀರಲ್ಲಿ ಒಂದು ಗಂಟೆ ಬಿಡು. ಚೀಲ ಎತ್ತು, ನೀರು ಸಿಹಿಯಾಗಿರುತ್ತೆ. ಅದನ್ನ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸು. ಪೂರ್ತಿ ಆರಿಸಿ, ಯೀಸ್ಟ್ ಉದುರಿಸಿ, ಮುಚ್ಚಿಡು. ಹತ್ತು ದಿನ ಆದ್ಮೇಲೆ ಬಾಟ್ಲಿಗೆ ಒಂದೊಂದು ಚಮಚ ಸಕ್ಕರೆ ಹಾಕಿ ತುಂಬಿಡು. ಮಿಕ್ಕಿದ್ದು ಏನಿಲ್ಲ, ಕೈ ಕಟ್ಕೊಂಡು ಕೂತಿರೋದು. ಕಷ್ಟ ಇರೋದು ಅದೊಂದೇ.”

“ಒಟ್ಟು ಎಷ್ಟು ದಿನ ಸರ್?”

“ಒಂದು ತಿಂಗಳು ಅಂದ್ಕೋ.”

ಒಂದು ತಿಂಗಳು! ನಮ್ಮವರು ಎರಡು ಗಂಟೆಯಲ್ಲಿ ಮುಗಿಸಿ ಬರುವುದಕ್ಕೆ ಒಂದು ತಿಂಗಳ ದುಡಿಮೆ. ನನ್ನ ತಲೆಗೆ ಹುಳ ಹೊಕ್ಕಿತು. ಕುಡಿಯಲೇಬೇಕೆಂದರೆ ಮನೆಯಲ್ಲೇ ಮಾಡಲಿ, ಮಾಡುವಷ್ಟು ಹೊತ್ತಾದರೂ ಮನೆಯಲ್ಲಿರುತ್ತಾರಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ? ಉಳಿದ ಬಟ್ಟೆಯಲ್ಲಿ ಇನ್ನೊಂದು ಚೀಲ ಹೊಲಿದುಕೊಂಡೆ. ಮುದುಕರಿಗೆ ಅವರ ಚೀಲ ಕೊಡುವಾಗ ಕಳ್ಳತನ ಒಪ್ಪಿಕೊಂಡು ಕಾರಣವನ್ನೂ ಹೇಳಿದೆ. ಅವರು ಮರುದಿನ ಒಂದು ಪೊಟ್ಟಣ ಯೀಸ್ಟು, ಹಾಪ್ಸ್ ಎನ್ನುವ ಒಂದು ಹಿಡಿ ಒಣ ಹೂವು, ಎಲ್ಲ ಬರೆದ ಒಂದು ಚೀಟಿ ತಂದುಕೊಟ್ಟರು. ಮನೆಯಲ್ಲಿ ಇದನ್ನೆಲ್ಲ ಮಾಡುವುದು ಕಾನೂನಿಗೆ ಸರಿಯಾ ಅಂತ ನಾನು ಯಾರನ್ನೂ ಕೇಳಲಿಲ್ಲ. ಏನು ಹೇಳುತ್ತಾರೆಂದು ಗೊತ್ತಿತ್ತು.

ಮೊಳಕೆ ಕಟ್ಟುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರು ಕೆ.ಆರ್. ಪುರದ ಸುತ್ತ ಇರಲಿಲ್ಲ. ಓಣಿಯಲ್ಲಿ ಯಾವ ಮಗು ಹುಟ್ಟಿದರೂ ಅದರ ಮೊದಲ ಊಟ ಅವರ ಕೈಯ ಮೊಳಕೆ ರಾಗಿ ಸರಿ. ಬಾರ್ಲಿ ಗಂಜಿಗೆ ಅಂತ ಸುಳ್ಳು ಹೇಳಿ ದಿನಸಿ ಅಂಗಡಿಯ ಬಿಳೀ ಬಾರ್ಲಿ ಕೊಟ್ಟೆ. ಅತ್ತೆ ನೆನೆಸಿದರು, ಬಟ್ಟೆಯಲ್ಲಿ ಕಟ್ಟಿದರು, ಮೇಲೆ ಗುಂಡುಕಲ್ಲು ಹೇರಿದರು. ಮೂರು ದಿನವಾದರೂ ಮೊಳಕೆಯಿಲ್ಲ, ಬರೀ ನಾತ.

“ಸತ್ತ ಕಾಳು ಕಣೇ ಇದು,” ಎಂದರು ಅತ್ತೆ. “ಹೆಣಕ್ಕೆ ನೀರು ಹಾಕಿದ್ರೆ ಎದ್ದು ಕೂರುತ್ತಾ?”

ಶಿವಾಜಿನಗರಕ್ಕೆ ಓಡಿದೆ. ರಸೆಲ್ ಮಾರ್ಕೆಟ್ ಹಿಂದಿನ ಕಾಳಿನ ಅಂಗಡಿಯ ಸಾಹೇಬರು ನನ್ನ ಕೈಯಲ್ಲಿದ್ದ ಕಾಳು ನೋಡಿ ತಲೆಯಾಡಿಸಿದರು. “ಅರೆ ಅಮ್ಮಾ, ಇದು ಚರ್ಮ ಸುಲಿದು ಪಾಲಿಶ್ ಹೊಡೆದಿದ್ದು. ಕುದುರೆಗೆ ಹಾಕ್ತಾರಲ್ಲ, ಸಿಪ್ಪೆ ಇರೋ ಮಾಲು, ಅದು ತಗೊಳ್ಳಿ.” ಅಳೆದು ಕೊಡುತ್ತಾ ಕೇಳಿದರು, “ಮನೇಲಿ ಕುದುರೆ ಇದೆಯಾ?”

“ಇದೆ ಸಾಬ್ರೇ. ದಿನಾ ಮೂರೂವರೆಗೆ ಓಡಿಹೋಗುತ್ತೆ.”

ಆ ಬಾರ್ಲಿ ನಾಲ್ಕನೇ ದಿನಕ್ಕೆ ಕಾಳಿನುದ್ದ ಮೊಳಕೆ ಬಿಟ್ಟಿತು, ಬಿಸಿಲಲ್ಲಿ ಒಣಗಿಸಿದೆವು. ಅಷ್ಟು ಹೊತ್ತಿಗೆ ಗಂಜಿಯ ಸುಳ್ಳು ಹಳಸಿತ್ತು, ಅತ್ತೆಗೆ ನಿಜ ಹೇಳಿದೆ. ಅವರು ಮೊರದ ಮುಂದೆ ಕೂತಿದ್ದವರು ತಲೆಯೆತ್ತಿದರು.

“ನನ್ ಮಗ ಕುಡಿಯೋದಕ್ಕೆ ನನ್ ಕೈಲೇ ಮೊಳಕೆ ಕಟ್ಟಿಸ್ದೆಯಾ?”

“ಮತ್ತೇನ್ ಮಾಡ್ಲಿ ಅತ್ತೆ? ನೀವೇ ಹೇಳಿ, ಏನ್ ಮಾಡ್ಲಿ?” ಅಳಬಾರದೆಂದುಕೊಂಡಿದ್ದೆ, ಅತ್ತುಬಿಟ್ಟೆ. ಅತ್ತೆ ಒಣಗಿದ ಮೊಳಕೆಯನ್ನು ಅಂಗೈಯಲ್ಲಿ ಉಜ್ಜತೊಡಗಿದರು. ಬೇರು ಉಜ್ಜಿ ತೂರದಿದ್ದರೆ ಕಹಿ ಬರುತ್ತೆ ಎಂದು ಮೊರ ನನ್ನ ಕಡೆ ತಳ್ಳಿದರು. ಕೊನೆಗೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿದಾಗ ಮನೆಯೆಲ್ಲ ಬಿಸ್ಕತ್ತಿನ ವಾಸನೆ.

ಇನ್ನು ನನ್ನ ಮೂರ್ಖತನ ಕೇಳಿ. ನಾವು ಮುದ್ದೆ ತಿನ್ನುವ ಜನ. ಹಿಟ್ಟು ಅಂದರೆ ನೀರು ತಳಮಳ ಕುದಿಯಬೇಕು, ಕುದಿಯುವ ನೀರಿಗೇ ಸುರಿಯಬೇಕು, ಇದು ನಮ್ಮ ಕೈಗೆ ಕಣ್ಣು ಮುಚ್ಚಿದರೂ ಗೊತ್ತು. ಮುದುಕರ ಚೀಟಿಯಲ್ಲಿ ‘66 ಡಿಗ್ರಿ, ಒಂದು ಗಂಟೆ’ ಎಂದಿತ್ತು, ನೋಡಿದ್ದೆ. ಒಲೆ ಮೇಲಿನ ನೀರಿಗೆ ಎಂಥ ಲೆಕ್ಕ ಎಂದು ಬಿಟ್ಟುಬಿಟ್ಟೆ. ತರಿ ಮಾಡಿಸಬೇಕಾದ ಕಾಳನ್ನು ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿದ್ದೆ ಬೇರೆ. ಕೊತಕೊತ ಕುದಿಯುವ ನೀರಿಗೆ ಚೀಲ ಇಳಿಸಿ, ಮುದ್ದೆ ಕೋಲು ತಗೊಂಡು ತಿರುವಿದೆ. ಐದೇ ನಿಮಿಷ. ಚೀಲದ ತುಂಬ ಗೋಂದಿನಂಥ ಒಂದು ಭಾರೀ ಮುದ್ದೆ! ಎತ್ತುವಾಗ ಸೊಂಟ ಹಿಡಿಯಿತು. ನನ್ನ ಹೊಲಿಗೆ ಮಾತ್ರ ಬಿಡಲಿಲ್ಲ.

“ಬಸ್ಸಾರು ಮಾಡ್ಲೇನೇ?” ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನೀರು ಕುಡಿಯಲು ಬಂದ ನಮ್ಮವರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು ಪಾತ್ರೆಯಲ್ಲಿ ಬೆರಳದ್ದಿ ನೆಕ್ಕಿದರು.

“ಸಪ್ಪೆ. ಎಷ್ಟು ಡಿಗ್ರೀಲಿ ಹಾಕ್ದೆ?”

“ಕುದೀತಿತ್ತು.”

“ಕುದಿಯೋದು ನೂರು. ಇದಕ್ಕೆ ಎಷ್ಟು ಬೇಕಿತ್ತು?”

ಚೀಟಿ ಕೊಟ್ಟೆ. ಎರಡು ಸಲ ಓದಿದರು. ಅವರು ಫ್ಯಾಕ್ಟರಿಯಲ್ಲಿದ್ದದ್ದು ಕುಲುಮೆ ವಿಭಾಗದಲ್ಲಿ. ಉಕ್ಕಿನ ಭಾಗಗಳನ್ನು ಇಂತಿಷ್ಟು ಡಿಗ್ರಿಗೆ ಕಾಯಿಸಿ, ಇಂತಿಷ್ಟು ಹೊತ್ತು ಆ ಕಾವಿನಲ್ಲೇ ಹಿಡಿದಿಟ್ಟು, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕೆಲಸ. ಒಂದು ಸಲಕ್ಕೆ ಕಾಯಿಸುವ ಮಾಲಿಗೆ ಅಲ್ಲಿ ಲಾಟ್ ಅನ್ನುತ್ತಿದ್ದರು. “ಲಾಟನ್ನೇ ಸುಟ್ಟುಬಿಟ್ಟಿದೀಯಲ್ಲೇ,” ಎಂದರು. ಬೈದದ್ದೇ. ಆದರೆ ಎಂಟು ತಿಂಗಳಲ್ಲಿ ಅವರಾಗಿ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ಸಿಟ್ಟೂ ಬಂತು.

ಮುಂದಿನ ಸಲದ ಕಾಳಿಗೆ ಅವರೇ ಮಿಲ್ಲಿಗೆ ಹೋಗಿ ನಿಂತು ತರಿ ಮಾಡಿಸಿದರು. ಟ್ರಂಕಿನಿಂದ ತಮ್ಮ ಥರ್ಮಾಮೀಟರ್ ತೆಗೆದರು. ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಹನ್ನೆರಡು ಲೀಟರ್ ನೀರನ್ನು ಎಪ್ಪತ್ತಕ್ಕೆ ತಂದು ಚೀಲ ಇಳಿಸಿದರು. ತಣ್ಣನೆಯ ಕಾಳು ಬಿದ್ದ ಮೇಲೆ ಕಾವು ಅರವತ್ತಾರಕ್ಕೆ ಬಂದು ನಿಂತಿತು. ಒಲೆ ಆರಿಸಿ, ಪಾತ್ರೆಗೆ ಅತ್ತೆಯ ಹಳೇ ಕಂಬಳಿ ಸುತ್ತಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

ಮೂರೂವರೆಗೆ ಸೈರನ್ ಕೂಗಿತು. ಅವರು ಅರ್ಧ ಎದ್ದರು. ಬೂಟಿನ ಕಡೆ ನೋಡಿದರು, ಥರ್ಮಾಮೀಟರ್ ಕಡೆ ನೋಡಿದರು. “ಇನ್ನೂ ಅರ್ಧ ಗಂಟೆ ಇದೆ,” ಎಂದು ಮತ್ತೆ ಕೂತರು. ನಾನು ಒಂದು ಮಾತೂ ಆಡಲಿಲ್ಲ, ನಂಬುತ್ತೀರಾ, ನಾನು! ನಾಲ್ಕಕ್ಕೆ ಚೀಲ ಎತ್ತಿ ಜಂತೆಗೆ ನೇತುಹಾಕಿದೆವು. ಕೆಳಗೆ ಇಳಿದ ನೀರು ಜೇನಿನ ಬಣ್ಣ, ಬಾಯಿಗಿಟ್ಟರೆ ಸಿಹಿಯೋ ಸಿಹಿ. ಹೂವು ಹಾಕಿ ಕುದಿಸಿ, ತಣ್ಣೀರಿನ ಟಬ್ಬಿನಲ್ಲಿಟ್ಟು ಆರಿಸಿ, ಕುದಿನೀರಲ್ಲಿ ತೊಳೆದ ಸ್ಟೀಲ್ ಡ್ರಮ್ಮಿಗೆ ತುಂಬಿ, ಯೀಸ್ಟು ಉದುರಿಸಿ ಮುಚ್ಚಿದರು. “ಹತ್ತು ದಿನ ಯಾರೂ ಇದನ್ನ ಮುಟ್ಟಬಾರ್ದು,” ಎಂದರು.

ಮರುದಿನ ಸೈರನ್ನಿಗೆ ಬೂಟು ಹಾಕಿಕೊಂಡು ಹೋದರು.

ಕಾಯುವುದರಲ್ಲಿ ಕೆಲಸವೇನಿದೆ, ಹೋಗದೆ ಏನು ಮಾಡುತ್ತಾರೆ? ಆದರೆ ಆ ಬುಧವಾರ ಬೇಗ ವಾಪಸು ಬಂದರು. ಗುರುವಾರವೂ ಅಷ್ಟೇ. ಖುಷಿಪಡಬೇಕಾಗಿತ್ತು. ನನಗೆ ಹೊಳೆದದ್ದೇ ಬೇರೆ: ಹೊರಗೆ ಕಡಿಮೆ ಕುಡಿದು ಬರುತ್ತಿದ್ದಾರೆಂದರೆ ಒಳಗೆ ಡ್ರಮ್ಮಿನಿಂದ ಬಗ್ಗಿಸಿಕೊಳ್ಳುತ್ತಿದ್ದಾರೆ. ಒಮ್ಮೆ ಹೊಳೆದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಮುಚ್ಚಳ ತೆಗೆದೆ. ಕೊರಳಲ್ಲಿದ್ದ ಅಳತೆ ಟೇಪನ್ನು ಇಳಿಬಿಟ್ಟು ಎಷ್ಟಿದೆ ನೋಡಿದೆ. ಹದಿಮೂರು ಇಂಚು. ಸಂಜೆ ಬಂದು ಮತ್ತೆ ಇಳಿಬಿಟ್ಟೆ, ಹದಿಮೂರು. ದಿನಕ್ಕೆರಡು ಸಲ, ಹಲಸೂರಿನ ಅರ್ಧ ಜನರ ಸೊಂಟ ಸುತ್ತಿ ಬಂದ ಟೇಪು ಅದು! ಶನಿವಾರ ಮೇಲಿನ ನೊರೆ ಇಳಿದು ಅರ್ಧ ಇಂಚು ಕಡಿಮೆ ಕಂಡಿತು. ಸಿಕ್ಕಿಬಿದ್ದರು ಎಂದುಕೊಂಡೆ. ಸಾರಿಗೆ ಉಪ್ಪು ಜಾಸ್ತಿ ಎಂದದ್ದಕ್ಕೆ ಅವತ್ತು ಅವರ ಮೇಲೆ ಹಾರಾಡಿದ್ದು ಆ ಅರ್ಧ ಇಂಚಿನ ಸಿಟ್ಟು.

ಹತ್ತನೇ ದಿನ ಅವರು ಮುಚ್ಚಳ ತೆಗೆದರು. ಮೇಲೆ ಬಿಳೀ ಪೊರೆ ಕಟ್ಟಿತ್ತು, ವಿನಿಗರ್ ವಾಸನೆ ಮೂಗಿಗೆ ಹೊಡೆಯಿತು. ಅವರು ಥರ್ಮಾಮೀಟರನ್ನು ಐಸಿನಲ್ಲಿಟ್ಟು ನೋಡಿದರು, ಕುದಿನೀರಲ್ಲಿಟ್ಟು ನೋಡಿದರು. ಸರಿಯಾಗಿತ್ತು. ಮಾಡಿದ್ದನ್ನೆಲ್ಲ ಮೊದಲಿಂದ ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡರು.

“ಇಪ್ಪತ್ತೆರಡು ವರ್ಷದಲ್ಲಿ ನನ್ನ ಲಾಟ್ ಒಂದೂ ರಿಜೆಕ್ಟ್ ಆಗಿರ್ಲಿಲ್ಲ ಕಣೇ,” ಎಂದರು. “ಕೈ ಹೋಗ್ಬಿಟ್ಟಿದೆ ನಂದು.”

ಟೇಪು ನನ್ನ ಕೊರಳಲ್ಲೇ ಇತ್ತು. ಎಲ್ಲದಕ್ಕೂ ಮುಂದಿರುವ ನನ್ನ ಬಾಯಿ ಅವತ್ತು ಎಲ್ಲಿ ಹೋಗಿತ್ತೋ. ಅವರು ಡ್ರಮ್ಮನ್ನು ಮೋರಿಗೆ ಬಗ್ಗಿಸಿ, ಸೈರನ್ನಿಗೂ ಕಾಯದೆ ಹೊರಟುಹೋದರು. ಮರುದಿನವೂ ಸೈರನ್ನಿಗೆ ಮೊದಲೇ. ಕಾಲು ಅಲ್ಲಿಗೆ ಹೋಗುತ್ತಿದ್ದದ್ದು ಅಭ್ಯಾಸದಿಂದ ಅಂತ ಇಷ್ಟು ದಿನ ಹೇಳಿಕೊಂಡಿದ್ದೆ. ಈಗ ಕಳಿಸುತ್ತಿದ್ದವಳು ನಾನು.

ಮೂರನೇ ದಿನ ಅಂಗಡಿ ತೆರೆಯಲಿಲ್ಲ. ಅವರು ಲೇಸು ಕಟ್ಟುತ್ತಿರುವಾಗ ಹೊಸ್ತಿಲ ಮೇಲೆ ಕೂತೆ. “ರೀ, ಮುಚ್ಚಳ ತೆಗ್ದಿದ್ದು ನಾನು.”

“ಯಾವಾಗ?”

“ದಿನಾ. ಎರಡು ಸಲ.”

“ಯಾಕೆ?”

ನಾನು ಟೇಪನ್ನು ಬೆರಳಿಗೆ ಸುತ್ತುತ್ತಾ ಕೂತೆ. ಅವರ ಕಣ್ಣು ಟೇಪಿನ ಮೇಲೆ ಬಂತು, ಅಲ್ಲೇ ನಿಂತಿತು.

“ಕದ್ದು ಕುಡೀತೀನಿ ಅಂತ,” ಎಂದರು.

“ಹೂಂ.”

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಸ್ತಿಲಲ್ಲಿ ನನ್ನ ಪಕ್ಕ ಉಳಿದಿದ್ದ ಜಾಗದಲ್ಲೇ ದಾಟಿ ಹೊರಟುಹೋದರು. ಒಳಗಿಂದ ಅತ್ತೆ, “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೇ,” ಎಂದರು.

ಒಂದು ವಾರ ಮನೆಯಲ್ಲಿ ಮಾತಿಲ್ಲ. ಎಂಟನೇ ದಿನ ಅವರೇ ಅತ್ತೆಗೆ, “ಅಮ್ಮಾ, ಬಾರ್ಲಿ ನೆನೆಹಾಕು,” ಎಂದರು. ಮೊಳಕೆ, ಒಣಗಿಸುವುದು, ತರಿ, ಚೀಲ, ಕಂಬಳಿ, ಎಲ್ಲ ಇನ್ನೊಮ್ಮೆ ಆಯಿತು. ಬದಲಾಗಿದ್ದದ್ದು ಡ್ರಮ್ಮು. ಅದರ ಬದಲು ಆಚೆಯಿಂದ ಒಳಗಿನದು ಕಾಣುವಂಥ ದೊಡ್ಡ ಪ್ಲಾಸ್ಟಿಕ್ ಕ್ಯಾನ್ ತಂದಿದ್ದರು, ಅದರ ಮೈಗೆ ಅಳತೆಯ ಗೆರೆ ಎಳೆದ ಪಟ್ಟಿ ಅಂಟಿಸಿದ್ದರು. ಮೇಲೆ ಗೋಡೆಗೆ ಒಂದು ಹಾಳೆ ತೂಗುಹಾಕಿದ್ದರು, ಫ್ಯಾಕ್ಟರಿಯಲ್ಲಿ ಕುಲುಮೆಯ ಪಕ್ಕ ತೂಗುತ್ತಿದ್ದಂಥದ್ದೇ. ದಿನ, ಸಮಯ, ಕಾವು, ಮಟ್ಟ. ಕೊನೆಯಲ್ಲಿ ಸೈನ್ ಹಾಕಲು ಎರಡು ಕಾಲಂ.

“ಕಾಯಿಸಿದೋನ ಸೈನ್ ಒಂದು, ನೋಡಿದೋನ ಸೈನ್ ಒಂದು. ಎರಡೂ ಇಲ್ದೆ ಲಾಟ್ ಆಚೆ ಹೋಗಲ್ಲ,” ಎಂದರು. “ಇಲ್ಲಿ ಇನ್‌ಸ್ಪೆಕ್ಟರ್ ನೀನು. ಮುಚ್ಚಳ ತೆಗೀಬೇಡ. ಆಚೆಯಿಂದ ನೋಡು, ಸೈನ್ ಹಾಕು.”

ನನಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು. ನೋಡುವುದಾ? ಸತ್ತರೂ ನೋಡುವುದಿಲ್ಲ. ಅವರು ಆಚೆ ಹೋದದ್ದೇ ಪೆನ್ನು ತಗೊಂಡು ಹತ್ತೂ ದಿನದ ಮನೆಗಳಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಸೈನ್ ಹಾಕಿಬಿಟ್ಟೆ. ನಂಬಿದೆ, ಪೂರ್ತಿ ನಂಬಿದೆ ಅಂತ ಹೇಳಲು ನನಗೆ ತಿಳಿದದ್ದು ಅಷ್ಟೇ.

ಆ ಬಿಯರು ಚೆನ್ನಾಗಿಯೇ ಬಂತು. ತಿಂಗಳಾದ ಮೇಲೆ ಮೂವರೂ ಸ್ಟೀಲ್ ಲೋಟದಲ್ಲಿ ಕುಡಿದೆವು. ಅತ್ತೆ ಒಂದು ಗುಟುಕಿಗೆ ಮುಖ ಹಿಂಡಿ, ಎರಡನೆಯದಕ್ಕೆ ಲೋಟ ಚಾಚಿದರು. ಬಾರು ಬಿಟ್ಟೇಬಿಟ್ಟರು ಎಂದರೆ ಸುಳ್ಳಾಗುತ್ತದೆ, ಶನಿವಾರಗಳು ಉಳಿದುಕೊಂಡವು. ಆದರೆ ನನಗೆ ಆ ರುಚಿಗಿಂತ ಹೆಚ್ಚು ನೆನಪಿರುವುದು ಕ್ಯಾನ್ ತುಂಬಿಟ್ಟ ಮೊದಲನೇ ದಿನದ ಆ ಸಂಜೆ, ಅವರು ಹಾಳೆ ನೋಡಿದ್ದು.

“ಏನೇ ಇದು?” ವರ್ಷದಲ್ಲಿ ಮೊದಲ ಸಲ ಅವರ ದನಿ ಏರಿತ್ತು. “ಇನ್ನೂ ಬರದೇ ಇರೋ ದಿನಕ್ಕೆಲ್ಲ ಸೈನ್ ಹಾಕಿದೀಯಾ? ನೋಡ್ದೆ ಸೈನ್ ಹಾಕೋದಾ? ಫ್ಯಾಕ್ಟರೀಲಿ ಹಿಂಗ್ ಮಾಡಿದ್ರೆ ಮನೆಗೆ ಕಳಿಸ್ತಿದ್ರು!”

ಹೇಳಿಬಿಟ್ಟು, ತಾವು ಹೇಳಿದ್ದು ತಮಗೇ ಕೇಳಿಸಿ ನಿಂತರು. ಅತ್ತೆ ಮೊರ ಕೆಳಗಿಟ್ಟರು.

“ನಾನು ಎಲ್ಲ ನೋಡೇ ಹಾಕಿದ್ದೆ,” ಎಂದರು ನಮ್ಮವರು. “ಒಂದೇ ಒಂದು ಸಲಾನೂ ನೋಡ್ದೆ ಹಾಕ್ಲಿಲ್ಲ. ಆದ್ರೂ ಕಳಿಸಿದ್ರು.”

ಇಷ್ಟು ತಿಂಗಳು ಗೋಡೆಗೆ ಹೇಳಿದ್ದೇನು ಎಂದು ಆಗ ನನಗೆ ಗೊತ್ತಾಯಿತು. ಅವರು ಕಣ್ಣೊರೆಸಿಕೊಂಡು ಹಾಳೆ ಹರಿದರು. ಸ್ಕೇಲು ತಂದು, ನೆಲದ ಮೇಲೆ ಕೂತು, ಇನ್ನೊಂದಕ್ಕೆ ಗೆರೆ ಎಳೆದು, ತಮ್ಮ ಸೈನ್ ಹಾಕಿ ಗೋಡೆಗೆ ಸಿಕ್ಕಿಸಿದರು.

“ನಂಬ್ಕೆ ಗಿಂಬ್ಕೆ ಬೇಡ ನಂಗೆ. ಸರಿಯಾಗಿ ನೋಡು. ನೋಡಿ ಹಾಕು.”

ಕನ್ನಡಕ ಹಾಕಿಕೊಂಡೆ. ಮೊದಲ ಸಲ ಆ ಹಾಳೆಯನ್ನು ಎಡದಿಂದ ಬಲಕ್ಕೆ ಓದಿದೆ. ಕಾವು, ಮಟ್ಟ, ಸೈನ್, ಇವೆಲ್ಲ ಇವತ್ತಿನದು ಮಾತ್ರ ತುಂಬಿತ್ತು, ಕೆಳಗೆಲ್ಲ ಖಾಲಿ. ಸಮಯದ ಕಾಲಂ ಮಾತ್ರ ಮೇಲಿಂದ ಕೆಳಗಿನವರೆಗೆ ತುಂಬಿತ್ತು. 3.30, 3.30, 3.30, ಹತ್ತೂ ದಿನಕ್ಕೂ.

ಸುಮ್ಮನಿರಬಹುದಿತ್ತು. ಇರಲಿಲ್ಲ. “ನೀವ್ ಮಾತ್ರ ಇನ್ನೂ ಬರದೇ ಇರೋ ದಿನಕ್ಕೆ ಬರ್ಕೋಬಹುದಾ?” ಎಂದೆ.

“ಅದು ರೀಡಿಂಗ್ ಅಲ್ಲ ಕಣೇ,” ಎಂದರು ಅವರು, ಪೆನ್ನು ನನ್ನ ಕಡೆ ಚಾಚುತ್ತಾ. “ಅದು ಶಿಫ್ಟು.”

ನಾನು ಬಗ್ಗಿ ಗೆರೆ ನೋಡಿದೆ. ಮಟ್ಟ ಅವರು ಬರೆದಲ್ಲೇ ಇತ್ತು. ಸೈನ್ ಹಾಕಿದೆ.